‘ಇವತ್ತು’ ಅಂದರೆ ಯಾವತ್ತು?

ಒಂದು ಲಸಿಕೆ ಕೋಣೆಯಿಂದ ಮಾತು ಶುರು ಮಾಡುತ್ತೇನೆ. ಗುರುವಾರ ಬೆಳಿಗ್ಗೆ. ಹೊರಗೆ ಬೆಂಚಿನ ಮೇಲೆ ತಾಯಂದಿರು ಕೂತಿದ್ದಾರೆ. ಮಡಿಲಲ್ಲಿ ಮಗು, ಕೈಚೀಲದಲ್ಲಿ ತಾಯಿ ಕಾರ್ಡ್. ಒಳಗೆ ಸಿಸ್ಟರ್ ಒಬ್ಬರು ಉದ್ದನೆಯ ರಿಜಿಸ್ಟರ್ ಬಿಚ್ಚಿಕೊಂಡಿದ್ದಾರೆ. ಬೆರಳಿಟ್ಟು ಸಾಲು ಸಾಲಾಗಿ ನೋಡುತ್ತಾ ಪಕ್ಕದ ಹಾಳೆಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದಾರೆ. ಯಾವ ಮಗುವಿಗೆ 6 ವಾರ ತುಂಬಿತು, ಯಾವುದಕ್ಕೆ 10 ವಾರ, ಯಾವುದಕ್ಕೆ 14 ವಾರ, ಯಾರಿಗೆ 9 ತಿಂಗಳಾಗಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸುವ ಹೊತ್ತು ಬಂತು. ಆ ಹಾಳೆಗೆ ಅವರು ಕರೆಯುವ ಹೆಸರು ಡ್ಯೂ ಲಿಸ್ಟ್.

ಈಗ ನಮ್ಮ ಭಾಷೆಗೆ, ಅಂದರೆ ಡೇಟಾಬೇಸ್ ಕೆಲಸ ಮಾಡುವವರ ಭಾಷೆಗೆ ಬನ್ನಿ. ಆ ರಿಜಿಸ್ಟರ್ ಅಂದರೆ ಟೇಬಲ್. ಆ ಹಾಳೆ ಅಂದರೆ ವ್ಯೂ. ರಿಜಿಸ್ಟರ್‌ನಲ್ಲಿ ಇರುವುದನ್ನೇ ತೋರಿಸುತ್ತದೆ, ಆದರೆ ಇವತ್ತಿಗೆ ಬೇಕಾದಷ್ಟನ್ನು ಮಾತ್ರ. ಕೈಯಲ್ಲಿ ಬರೆದ ಹಾಳೆ ಮಾರನೇ ದಿನಕ್ಕೆ ಹಳತಾಗುತ್ತದೆ. ವ್ಯೂ ಹಾಗಲ್ಲ. ಸಾಮಾನ್ಯ ವ್ಯೂ ಒಳಗೆ ಡೇಟಾ ಇರುವುದೇ ಇಲ್ಲ, ಒಂದು ಪ್ರಶ್ನೆ ಇರುತ್ತದೆ ಅಷ್ಟೇ. ನೀವು ತೆರೆದಾಗಲೆಲ್ಲ ಅದು ಆ ಪ್ರಶ್ನೆಯನ್ನು ಟೇಬಲ್‌ಗೆ ಹೊಸದಾಗಿ ಕೇಳುತ್ತದೆ. ಆ ಪ್ರಶ್ನೆಯಲ್ಲಿ ‘ಇವತ್ತು’ ಅನ್ನುವ ಒಂದು ಮಾತು ಸೇರಿಸಿಬಿಟ್ಟರೆ ದಿನ ಬದಲಾದ ಹಾಗೆ ಪಟ್ಟಿಯೂ ತಾನಾಗೇ ಬದಲಾಗಬೇಕು.

ಇಷ್ಟೇ ವಿಷಯ. ಹೇಳಲು ಎರಡು ನಿಮಿಷ ಸಾಕು. ಆದರೂ ನಾನು ಇದರ ಬಗ್ಗೆ ಒಂದು ಗಂಟೆ ಮಾತಾಡಲು ಬಂದಿದ್ದೇನೆ. ಯಾಕೆಂದರೆ ಈ ‘ಇವತ್ತು’ ಅನ್ನುವ ಮಾತಿನಲ್ಲಿ ನಾನು ಹಲವು ಸಲ ಎಡವಿದ್ದೇನೆ. ನಾನು ಎಡವಿದಾಗ ಪೆಟ್ಟು ಬಿದ್ದದ್ದು ಆ ಬೆಂಚಿನ ಮೇಲೆ ಕೂತವರಿಗೆ.

ಮೊದಲು ಎಲ್ಲರೂ ಹಿಡಿಯುವ ದಾರಿಯನ್ನು ನೋಡೋಣ. ಟೇಬಲ್‌ನಲ್ಲಿ ‘ಸ್ಥಿತಿ’ ಅಂತ ಒಂದು ಕಾಲಂ ಇಡುತ್ತೇವೆ. ‘ಇನ್ನೂ ಸಮಯ ಇದೆ’, ‘ಇವತ್ತು ಬರಬೇಕು’, ‘ತಪ್ಪಿಹೋಗಿದೆ’ ಅಂತ ಅದರಲ್ಲಿ ತುಂಬುತ್ತೇವೆ. ರಾತ್ರಿ 12 ಗಂಟೆಗೆ ಒಂದು ಜಾಬ್, ಅಂದರೆ ಹೊತ್ತಿಗೆ ಸರಿಯಾಗಿ ತಾನಾಗೇ ಓಡುವ ಪ್ರೋಗ್ರಾಂ, ಓಡಿ ಎಲ್ಲ ಸಾಲುಗಳ ಸ್ಥಿತಿಯನ್ನು ತಿದ್ದುತ್ತದೆ. ಚೆನ್ನಾಗಿಯೇ ನಡೆಯುತ್ತಿರುತ್ತದೆ. ಒಂದು ರಾತ್ರಿ ಕರೆಂಟ್ ಹೋಗುತ್ತದೆ, ಯುಪಿಎಸ್ ಬ್ಯಾಟರಿಯೂ ಮುಗಿಯುತ್ತದೆ, ಜಾಬ್ ಓಡುವುದಿಲ್ಲ. ಬೆಳಿಗ್ಗೆ ಮಿಷನ್ ಆನ್ ಮಾಡಿದರೆ ಪಟ್ಟಿ ಬರುತ್ತದೆ. ಆದರೆ ಅದು ನಿನ್ನೆಯ ಪಟ್ಟಿ. ತಪ್ಪು ಪಟ್ಟಿ ನೋಡಲು ಸರಿಯಾದ ಪಟ್ಟಿಯ ಹಾಗೇ ಇರುತ್ತದೆ ಅಲ್ವಾ? ಕೆಂಪು ಅಕ್ಷರದಲ್ಲಿ ಎರರ್ ಏನೂ ಬರುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ.

ಮಗು ಹುಟ್ಟಿದ ದಿನ ಬದಲಾಗುವುದಿಲ್ಲ. ಲಸಿಕೆ ಕೊಟ್ಟ ದಿನವೂ ಬದಲಾಗುವುದಿಲ್ಲ. ಇವನ್ನು ಬರೆದಿಡಬೇಕು. ‘ತಡವಾಗಿದೆ’ ಅನ್ನುವುದು ಇವತ್ತು ನಿಂತು ನೋಡಿದಾಗ ಕಾಣುವ ಮಾತು. ಅದನ್ನು ಬರೆದಿಟ್ಟ ಹೊತ್ತಿನಿಂದಲೇ ಅದು ಹಳಸಲು ಶುರುವಾಗುತ್ತದೆ. ಅಕ್ಕಿಯನ್ನು ಡಬ್ಬದಲ್ಲಿ ತಿಂಗಳುಗಟ್ಟಲೆ ಇಡಬಹುದು. ಅನ್ನ ಇಡಕ್ಕಾಗಲ್ಲ, ಹಸಿವಾದಾಗ ಬೇಯಿಸಿಕೊಳ್ಳಬೇಕು. ದಿನಾಂಕ ಅಕ್ಕಿ, ಸ್ಥಿತಿ ಅನ್ನ. ಈ ಒಂದು ಕಾಲಂ ತೆಗೆದುಹಾಕಿದರೆ ಎಷ್ಟೋ ರಾತ್ರಿ ಜಾಬ್‌ಗಳೂ ಅದರ ಜೊತೆಗೇ ಹೋಗುತ್ತವೆ.

ಹಾಗಾದರೆ ವ್ಯೂ ಹೇಗಿರಬೇಕು? ಬಾಯಲ್ಲಿ ಹೇಳುವುದಾದರೆ ಹೀಗೆ: ‘ಸೆಲೆಕ್ಟ್ ಹೆಸರು, ಊರು, ಲಸಿಕೆ, ಗಡುವು ಫ್ರಮ್ ಲಸಿಕೆ_ಪಟ್ಟಿ ವೇರ್ ಗಡುವು <= ಕರೆಂಟ್_ಡೇಟ್ ಅಂಡ್ ಕೊಟ್ಟ_ದಿನ ಈಸ್ ನಲ್’. ಅಂದರೆ ಗಡುವು ಇವತ್ತೋ ಅದಕ್ಕೆ ಮುಂಚೆಯೋ ಇದ್ದು, ಲಸಿಕೆ ಕೊಟ್ಟ ದಿನದ ಜಾಗ ಇನ್ನೂ ಖಾಲಿ ಇರುವವರನ್ನು ತೋರಿಸು ಅಂತ. ಆ ‘<=’ ಚಿಹ್ನೆ ನೋಡಿ. ಮೊದಲ ಸಲ ಬರೆಯುವವರು ಅಲ್ಲಿ ಬರೀ ‘=’ ಹಾಕುತ್ತಾರೆ. ‘ಇವತ್ತಿನ ಪಟ್ಟಿ’ ಅಂದರೆ ಇವತ್ತೇ ಗಡುವು ಇರುವವರು ಅಂದುಕೊಳ್ಳುತ್ತಾರೆ. ಆದರೆ ಹೋದ ವಾರ ಜ್ವರ ಬಂದು ಬರಲಾಗದ ಮಗು ಎಲ್ಲಿ ಹೋಯಿತು? ಅದರ ಗಡುವು ಹಿಂದಿನ ಗುರುವಾರಕ್ಕೇ ಮುಗಿದಿದೆ. ‘=’ ಹಾಕಿದರೆ ಆ ಮಗು ಇನ್ನು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಯಾರನ್ನು ಎಲ್ಲರಿಗಿಂತ ಮೊದಲು ಹುಡುಕಬೇಕೋ ಅವರೇ ಕಾಣೆ. ಕೈಯಲ್ಲಿ ಬರೆಯುವ ಸಿಸ್ಟರ್ ಈ ತಪ್ಪು ಮಾಡುವುದಿಲ್ಲ, ಹಿಂದಿನ ಪುಟವನ್ನೂ ಒಮ್ಮೆ ತಿರುವಿ ನೋಡುತ್ತಾರೆ.

ಗಡುವು ಲೆಕ್ಕ ಹಾಕುವಾಗಲೂ ಒಂದು ಮಾತು. 6 ವಾರ ಅಂದರೆ 42 ದಿನ, 14 ವಾರ ಅಂದರೆ 98 ದಿನ, ತಕರಾರಿಲ್ಲ. 9 ತಿಂಗಳು ಅಂದರೆ? 2024ರ ಮೇ 31ಕ್ಕೆ ಹುಟ್ಟಿದ ಮಗುವಿಗೆ 9 ತಿಂಗಳು ಸೇರಿಸಿ. ಫೆಬ್ರವರಿ 31 ಅನ್ನುವ ದಿನ ಇಲ್ಲ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ಗಳು ಎರಡೂ 2025ರ ಫೆಬ್ರವರಿ 28 ಅನ್ನುತ್ತವೆ. ಎಸ್‌ಕ್ಯೂಲೈಟ್ ಅನ್ನುವ ಇನ್ನೊಂದು ಮಾರ್ಚ್ 3 ಅನ್ನುತ್ತದೆ. ಮೊಬೈಲ್ ಆ್ಯಪ್ ಒಳಗೆ ಎಸ್‌ಕ್ಯೂಲೈಟ್, ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಇದ್ದರೆ ಒಂದೇ ಮಗುವಿಗೆ ಎರಡು ಗಡುವು. ಅದಕ್ಕೇ ಲೆಕ್ಕ ಒಂದೇ ಕಡೆ ಆಗಲಿ, ಬಂದ ದಿನಾಂಕವನ್ನು ಬರೆದಿಡಿ. ಇದು ಅಕ್ಕಿ, ಹಳಸುವುದಿಲ್ಲ.

‘ಇವತ್ತು’ ಅನ್ನುವುದಕ್ಕೆ ಒಂದೊಂದು ಡೇಟಾಬೇಸ್‌ನಲ್ಲಿ ಒಂದೊಂದು ಮಾತಿದೆ. ಕರೆಂಟ್_ಡೇಟ್ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಸ್ಟ್ಯಾಂಡರ್ಡ್‌ನಲ್ಲೇ ಇರುವ ಪದ, ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಎರಡರಲ್ಲೂ ನಡೆಯುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಗೆಟ್‌ಡೇಟ್ ಕರೆದು ಅದನ್ನು ಡೇಟ್‌ಗೆ ಕಾಸ್ಟ್ ಮಾಡುವುದು, ಅಂದರೆ ಬರೀ ದಿನಾಂಕವಾಗಿ ಬದಲಿಸುವುದು, ರೂಢಿ. ಒರಾಕಲ್‌ನಲ್ಲಿ ಎರಡಿವೆ, ಸಿಸ್‌ಡೇಟ್ ಒಂದು, ಕರೆಂಟ್_ಡೇಟ್ ಇನ್ನೊಂದು. ಎರಡೂ ಒಂದೇ ಅಂದುಕೊಂಡವರು ಬಹಳ ಜನ. ಸಿಸ್‌ಡೇಟ್ ಸರ್ವರ್ ಮಿಷನ್‌ನ ಗಡಿಯಾರ ನೋಡುತ್ತದೆ, ಕರೆಂಟ್_ಡೇಟ್ ನಿಮ್ಮ ಸೆಷನ್‌ನ, ಅಂದರೆ ಡೇಟಾಬೇಸ್ ಜೊತೆ ನೀವು ತೆರೆದ ಸಂಪರ್ಕದ, ಟೈಮ್ ಝೋನ್ ನೋಡುತ್ತದೆ. ಮೇಲಾಗಿ ಒರಾಕಲ್‌ನ ‘ಡೇಟ್’ ಒಳಗೆ ಗಂಟೆ, ನಿಮಿಷವೂ ಇರುತ್ತದೆ. ಅದನ್ನು ಟ್ರಂಕ್ ಮಾಡದೆ, ಅಂದರೆ ಗಂಟೆ ನಿಮಿಷ ಕತ್ತರಿಸಿ ಹಾಕದೆ, ಹೋಲಿಸಿದರೆ ‘=’ ಹೆಚ್ಚೂಕಡಿಮೆ ಯಾವತ್ತೂ ಸರಿಹೊಂದುವುದಿಲ್ಲ.

ಈಗ ನಾನು ಮೊದಲು ಎಡವಿದ ಜಾಗಕ್ಕೆ ಬರುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಅನುಕೂಲ ಇದೆ. ಕೋಟ್ ಒಳಗೆ ‘ಟುಡೇ’ ಅಂತ ಬರೆದು ಡೇಟ್ ಅಂದರೆ ಅದು ಇವತ್ತಿನ ದಿನಾಂಕ ಕೊಡುತ್ತದೆ. ‘ಟುಮಾರೋ’, ‘ಯೆಸ್ಟರ್ಡೇ’, ‘ನೌ’ ಎಲ್ಲ ನಡೆಯುತ್ತವೆ. ಟೈಪ್ ಮಾಡಲು ಸುಲಭ, ಓದಲು ಚೆಂದ. ನಾನು ಆ ಆಸ್ಪತ್ರೆಯ ಡ್ಯೂ ಲಿಸ್ಟ್ ವ್ಯೂ ಒಳಗೆ ಅದನ್ನೇ ಬರೆದೆ. ಬುಧವಾರ ಸಂಜೆ ಓಡಿಸಿ ನೋಡಿದೆ, ಪಟ್ಟಿ ಸರಿಯಾಗಿತ್ತು. ಗುರುವಾರ ಸಿಸ್ಟರ್ ಉಪಯೋಗಿಸಿದರು, ಸರಿಯಾಗಿಯೇ ಕಂಡಿತು. ಮುಂದಿನ ಗುರುವಾರ ಅವರು ಫೋನ್ ಮಾಡಿದರು. ‘ಸಾರ್, ಹೊಸ ಮಕ್ಕಳ ಹೆಸರೇ ಬಂದಿಲ್ಲ. ಹೋದ ವಾರ ಬಾರದೆ ಉಳಿದವರಷ್ಟೇ ಇದ್ದಾರೆ’ ಅಂದರು.

ಏನಾಗಿತ್ತು ಅಂದರೆ, ಕೋಟ್ ಒಳಗಿನ ‘ಟುಡೇ’ ಕರೆದಾಗಲೆಲ್ಲ ಲೆಕ್ಕ ಹಾಕುವ ಫಂಕ್ಷನ್ ಅಲ್ಲ, ಬರೀ ಅಕ್ಷರ. ಪೋಸ್ಟ್‌ಗ್ರೆಸ್ ಅದನ್ನು ಓದುವ ಹೊತ್ತಿಗೇ ದಿನಾಂಕವಾಗಿ ಬದಲಿಸುತ್ತದೆ. ಓದಿದ್ದು ಯಾವಾಗ? ನಾನು ಕ್ರಿಯೇಟ್ ವ್ಯೂ ಕೊಟ್ಟಾಗ. ಅಂದರೆ ಆ ಬುಧವಾರ. ವ್ಯೂ ಒಳಗೆ ‘ಇವತ್ತು’ ಅನ್ನುವ ಪ್ರಶ್ನೆ ಉಳಿಯಲೇ ಇಲ್ಲ, ಆ ಬುಧವಾರದ ತಾರೀಖು ಗೋಡೆಗೆ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಕರೆಂಟ್_ಡೇಟ್ ಹಾಗೆ ಕೂರುವುದಿಲ್ಲ, ಪ್ರತಿ ಸಲ ಕರೆದಾಗ ಹೊಸದಾಗಿ ಲೆಕ್ಕ ಆಗುತ್ತದೆ. ಪೋಸ್ಟ್‌ಗ್ರೆಸ್ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. ವ್ಯೂ, ಫಂಕ್ಷನ್, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇಂಥಲ್ಲಿ ಈ ಪದಗಳನ್ನು ಬಳಸಬೇಡಿ ಅಂತ. ನಾನು ಅದನ್ನು ಓದಿದ್ದು ಸಿಸ್ಟರ್ ಫೋನ್ ಮಾಡಿದ ಮೇಲೆ. ನೀವು ಮನೆಗೆ ಹೋಗಿ ನಿಮ್ಮ ವ್ಯೂಗಳನ್ನು ಒಮ್ಮೆ ಬಿಚ್ಚಿ ನೋಡಿ. ವ್ಯೂ ಡೆಫಿನಿಷನ್ ತೋರಿಸು ಅಂದರೆ ಪೋಸ್ಟ್‌ಗ್ರೆಸ್ ತಾನು ನೆನಪಿಟ್ಟುಕೊಂಡದ್ದನ್ನೇ ತೋರಿಸುತ್ತದೆ. ಅಲ್ಲಿ ಯಾವುದೋ ಹಳೇ ತಾರೀಖು ಕಂಡರೆ ಕಾರಣ ಇದೇ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಯಾಕೆಂದರೆ ಈ ತೊಂದರೆ ಹೊಸದಲ್ಲ. 1989ರಲ್ಲಿ ಲೋಟಸ್ ನೋಟ್ಸ್ ಅನ್ನುವ ಆಫೀಸ್ ಸಾಫ್ಟ್‌ವೇರ್ ಬಂತು. ನಿಮ್ಮಲ್ಲಿ ಹಿರಿಯರು ಅದರಲ್ಲಿ ಕೆಲಸ ಮಾಡಿರಬಹುದು. ಅದರಲ್ಲೂ ವ್ಯೂಗಳಿದ್ದವು. ಆದರೆ ಆ ವ್ಯೂ ಬರೀ ಪ್ರಶ್ನೆ ಆಗಿರಲಿಲ್ಲ, ಉತ್ತರದ ಇಂಡೆಕ್ಸನ್ನೂ, ಅಂದರೆ ಬೇಗ ಹುಡುಕಲು ಬೇಕಾದ ಸೂಚಿಯನ್ನೂ, ಕಟ್ಟಿ ಇಟ್ಟುಕೊಳ್ಳುತ್ತಿತ್ತು. ಡಾಕ್ಯುಮೆಂಟ್ ಬದಲಾದರೆ ಮಾತ್ರ ಇಂಡೆಕ್ಸ್ ತಿದ್ದಿದರೆ ಸಾಕು, ಆದ್ದರಿಂದ ಬೇಗ ತೆರೆಯುತ್ತಿತ್ತು. ಯಾರಾದರೂ ಅದರ ಸೆಲೆಕ್ಷನ್ ಫಾರ್ಮುಲಾದಲ್ಲಿ ‘ಅಟ್-ಟುಡೇ’ ಹಾಕಿದರೋ, ಕಥೆ ಮುಗಿಯಿತು. ಡಾಕ್ಯುಮೆಂಟ್ ಒಂದೂ ಬದಲಾಗದಿದ್ದರೂ ಉತ್ತರ ಬದಲಾಗಬಹುದು. ಆದ್ದರಿಂದ ಆ ಇಂಡೆಕ್ಸ್ ಎಂದೂ ‘ಸರಿಯಾಗಿದೆ’ ಅನ್ನಿಸಿಕೊಳ್ಳುವುದಿಲ್ಲ. ತೆರೆದಾಗಲೆಲ್ಲ ಮತ್ತೆ ಕಟ್ಟಬೇಕು. ದೊಡ್ಡ ಡೇಟಾಬೇಸ್ ಆದರೆ ಸರ್ವರ್ ತೆವಳುತ್ತಿತ್ತು. ಇದರಿಂದ ತಪ್ಪಿಸಿಕೊಳ್ಳಲು ಜನ ‘ಟುಡೇ’ ಅನ್ನುವ ಅಕ್ಷರವನ್ನು ತಾರೀಖಿಗೆ ತಿರುಗಿಸುವ ಉಪಾಯ ಮಾಡಿದರು. ಆಗ ವ್ಯೂ ಬೇಗ ತೆರೆಯಿತು. ಆದರೆ ರಾತ್ರಿ ಇಂಡೆಕ್ಸ್ ಹೊಸದಾಗಿ ಕಟ್ಟದಿದ್ದರೆ ನಿನ್ನೆಯ ತಾರೀಖೇ ಉಳಿಯುತ್ತಿತ್ತು. ನನ್ನ ಬುಧವಾರದ ಮೊಳೆ ನೋಡಿ, ಹೆಚ್ಚೂಕಡಿಮೆ ಅದೇ.

ಇದೇ ಗುಟ್ಟು ಇವತ್ತಿನ ಡೇಟಾಬೇಸ್‌ಗಳಲ್ಲೂ ಇದೆ. ಉತ್ತರವನ್ನು ಬೇಗ ಕೊಡಬೇಕಾದರೆ ಮೊದಲೇ ಮಾಡಿ ಇಟ್ಟುಕೊಳ್ಳಬೇಕು. ಮೊದಲೇ ಮಾಡಿ ಇಟ್ಟದ್ದರಲ್ಲಿ ‘ಇವತ್ತು’ ಇದ್ದರೆ ಅದು ಹಳಸುತ್ತದೆ. ಪೋಸ್ಟ್‌ಗ್ರೆಸ್‌ಗೆ 2013ರಲ್ಲಿ, 9.3ನೇ ಆವೃತ್ತಿಯಲ್ಲಿ, ಮೆಟೀರಿಯಲೈಸ್ಡ್ ವ್ಯೂ, ಅಂದರೆ ಉತ್ತರವನ್ನೂ ಎತ್ತಿಡುವ ವ್ಯೂ ಬಂತು. ಅದರಲ್ಲಿ ಕರೆಂಟ್_ಡೇಟ್ ಹಾಕಲು ಅದು ಬಿಡುತ್ತದೆ. ಆದರೆ ನೀವು ರಿಫ್ರೆಶ್ ಮಾಡಿದ ದಿನವೇ ಅದರ ‘ಇವತ್ತು’. ಒರಾಕಲ್ ಸಿಸ್‌ಡೇಟ್ ಇರುವ ಮೆಟೀರಿಯಲೈಸ್ಡ್ ವ್ಯೂಗೆ ಫಾಸ್ಟ್ ರಿಫ್ರೆಶ್, ಅಂದರೆ ಬದಲಾದಷ್ಟನ್ನೇ ತಿದ್ದುವುದು, ಮಾಡಲು ಒಪ್ಪುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ ಗೆಟ್‌ಡೇಟ್ ಇರುವ ವ್ಯೂ ಮೇಲೆ ಇಂಡೆಕ್ಸ್ ಕಟ್ಟಲು ಬಿಡುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ಇವತ್ತಿನ ನಂತರದ ಸಾಲುಗಳಿಗೆ ಮಾತ್ರ ಇಂಡೆಕ್ಸ್ ಮಾಡು’ ಅಂತ ಪಾರ್ಷಿಯಲ್ ಇಂಡೆಕ್ಸ್ ಕೇಳಿ ನೋಡಿ, ಫಂಕ್ಷನ್ ಇಮ್ಮ್ಯೂಟಬಲ್ ಆಗಿರಬೇಕು ಅಂತ ಎರರ್ ಕೊಡುತ್ತದೆ. ಅಂದರೆ ಯಾವಾಗ ಕೇಳಿದರೂ ಅದೇ ಉತ್ತರ ಕೊಡುವಂಥದ್ದು ಬೇಕು ಅಂತ. ನಾಳೆ ಬೇರೆ ಉತ್ತರ ಕೊಡುವುದೇ ಕರೆಂಟ್_ಡೇಟ್‌ನ ಕೆಲಸ ಅಲ್ವಾ?

ಈ ಎರರ್ ಬಂದಾಗ ಕೆಲವರು ಏನು ಮಾಡುತ್ತಾರೆ ಗೊತ್ತಾ? ಕರೆಂಟ್_ಡೇಟ್ ಅನ್ನು ತಮ್ಮದೇ ಒಂದು ಫಂಕ್ಷನ್ ಒಳಗೆ ಅಡಗಿಸಿ, ಅದಕ್ಕೆ ಇಮ್ಮ್ಯೂಟಬಲ್ ಅಂತ ಸುಳ್ಳು ಹಣೆಪಟ್ಟಿ ಹಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡೇಟಾಬೇಸ್ ನಿಮ್ಮ ಮಾತು ನಂಬುತ್ತದೆ. ಒಂದು ತಿಂಗಳಾದ ಮೇಲೆ ಪಟ್ಟಿಯಿಂದ ಸಾಲುಗಳು ಸದ್ದಿಲ್ಲದೆ ಉದುರಿಹೋಗಿರುತ್ತವೆ. ಇಂಡೆಕ್ಸ್ ಬೇಕಾದರೆ ಸುಮ್ನೆ ‘ಗಡುವು’ ಕಾಲಂ ಮೇಲೆ ಕಟ್ಟಿ. ಅಥವಾ ‘ಕೊಟ್ಟ_ದಿನ ಖಾಲಿ ಇರುವ ಸಾಲುಗಳಿಗೆ ಮಾತ್ರ’ ಅಂತ ಕಟ್ಟಿ. ಆ ಷರತ್ತಿನಲ್ಲಿ ಇವತ್ತು ಇಲ್ಲ, ಆದ್ದರಿಂದ ತಕರಾರಿಲ್ಲ. ಲಸಿಕೆ ಬಾಕಿ ಇರುವ ಮಕ್ಕಳು ಒಟ್ಟು ರಿಜಿಸ್ಟರ್‌ನಲ್ಲಿ ಸಣ್ಣ ಪಾಲು, ಇಂಡೆಕ್ಸೂ ಚಿಕ್ಕದಾಗಿರುತ್ತದೆ.

ಇಂಡೆಕ್ಸ್ ಮಾತು ಬಂತು ಅಂತ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕಾಲಂನಲ್ಲಿ ಗಂಟೆ ನಿಮಿಷ ಸಮೇತ ಇದ್ದರೆ, ‘ಇವತ್ತು ಬಂದವರು’ ಅನ್ನಲು ಜನ ಕಾಲಂ ಅನ್ನೇ ಡೇಟ್ ಫಂಕ್ಷನ್ ಒಳಗೆ ಸುತ್ತಿ ‘=’ ಹಾಕುತ್ತಾರೆ. ಉತ್ತರ ಸರಿ ಬರುತ್ತದೆ. ಆದರೆ ಸಾಮಾನ್ಯವಾಗಿ ಕಾಲಂ ಮೇಲಿನ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ, ಸಾಲು ಸಾಲಾಗಿ ಎಲ್ಲವನ್ನೂ ಓದಬೇಕಾಗುತ್ತದೆ. ಕಾಲಂ ಅನ್ನು ಮುಟ್ಟಬೇಡಿ. ‘ಬಂದ_ಸಮಯ >= ಇವತ್ತು, ಬಂದ_ಸಮಯ < ನಾಳೆ’ ಅಂತ ಬರೆಯಿರಿ. ಬಿಟ್ವೀನ್ ಹಾಕಿ 23:59:59ಕ್ಕೆ ನಿಲ್ಲಿಸುವ ಅಭ್ಯಾಸವೂ ಬೇಡ. ಆ ಕೊನೆಯ ಸೆಕೆಂಡಿನ ಒಳಗೂ ಜಾಗ ಇದೆ. ‘ನಾಳೆ ಶುರುವಾಗುವ ಮುಂಚೆ’ ಅಂದರೆ ಸಾಕು, ಒಂದು ಸಾಲೂ ತಪ್ಪಿಸಿಕೊಳ್ಳುವುದಿಲ್ಲ.

ಈಗ ಎರಡನೆಯ ಸಲ ಎಡವಿದ್ದು. ಇದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಪಟ್ಟಿ ಸರಿಹೋದ ಮೇಲೆ ಆಸ್ಪತ್ರೆಯವರು ಎಸ್ಸೆಮ್ಮೆಸ್ ಬೇಕು ಅಂದರು. ಲಸಿಕೆಯ ಹಿಂದಿನ ದಿನ ಬೆಳಿಗ್ಗೆ ತಾಯಂದಿರ ಫೋನಿಗೆ ‘ನಾಳೆ ನಿಮ್ಮ ಮಗುವಿಗೆ ಲಸಿಕೆ ಇದೆ’ ಅಂತ ಹೋಗಬೇಕು. ಒಂದು ವ್ಯೂ ಮಾಡಿದೆ, ನಾಳೆಯ ಲಸಿಕೆಗೆ ಯಾರ ಹೆಸರಿದೆ ಅಂತ. ಬೆಳಗಿನ ಜಾವ 4 ಗಂಟೆಗೆ ಜಾಬ್ ಓಡಿ, ಆ ಹೆಸರುಗಳಿಗೆ ಮೆಸೇಜ್ ಸರದಿಯಲ್ಲಿ ಇಡುತ್ತಿತ್ತು. 7 ಗಂಟೆಗೆ ಮೆಸೇಜ್ ಹೋಗುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಹಗಲು ಹೊತ್ತು ಪರೀಕ್ಷೆ ಮಾಡಿದ್ದೆ. ಎಲ್ಲ ಸರಿ ಇತ್ತು.

ಬುಧವಾರ ಯಾರಿಗೂ ಮೆಸೇಜ್ ಹೋಗಲಿಲ್ಲ. ಗುರುವಾರ ಬೆಳಿಗ್ಗೆ 7ಕ್ಕೆ ಎಲ್ಲರಿಗೂ ಹೋಯಿತು: ‘ನಾಳೆ ನಿಮ್ಮ ಮಗುವಿಗೆ ಲಸಿಕೆ ಇದೆ’. ಗುರುವಾರ ಓದಿದವರಿಗೆ ನಾಳೆ ಅಂದರೆ ಶುಕ್ರವಾರ. ಕೆಲವರು ಅವತ್ತೇ ಬರುತ್ತಿದ್ದವರು, ಮೆಸೇಜ್ ನೋಡಿ ಮನೆಯಲ್ಲೇ ಉಳಿದರು. ಶುಕ್ರವಾರ ಎಳೆ ಮಕ್ಕಳನ್ನು ಎತ್ತಿಕೊಂಡು ಬಸ್ ಹತ್ತಿ ಬಂದರು. ಅವತ್ತು ಲಸಿಕೆ ಇಲ್ಲ. ಬಿಸಿಜಿ, ದಡಾರ-ರುಬೆಲ್ಲಾ ಲಸಿಕೆಗಳ ಬಾಟಲಿಯಲ್ಲಿ ಹಲವು ಡೋಸ್ ಇರುತ್ತವೆ. ಒಮ್ಮೆ ಕರಗಿಸಿದರೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಅದಕ್ಕೇ ಮಕ್ಕಳನ್ನು ಒಂದೇ ದಿನ ಸೇರಿಸುವುದು. ಸಿಸ್ಟರ್ ಅವರಿಗೆ ಸಮಾಧಾನ ಹೇಳಿ ಮುಂದಿನ ಗುರುವಾರ ಬನ್ನಿ ಅಂದರು. ಅವರಲ್ಲಿ ಒಬ್ಬರು ಕೂಲಿ ಬಿಟ್ಟು ಬಂದಿದ್ದರು ಅಂತ ಸಿಸ್ಟರ್ ನನಗೆ ಹೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರ್ವರ್ ನಮ್ಮ ದೇಶದಲ್ಲಿರಲಿಲ್ಲ, ಅದರ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಅಳತೆಗೋಲಾದ ಸಮಯದಲ್ಲಿ, ಇತ್ತು. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ನಮ್ಮ ಗುರುವಾರ ಬೆಳಗಿನ ಜಾವ 4 ಗಂಟೆ ಅಂದರೆ ಅದಕ್ಕೆ ಬುಧವಾರ ರಾತ್ರಿ 10:30. ಅದರ ‘ಇವತ್ತು’ ಬುಧವಾರ, ಅದರ ‘ನಾಳೆ’ ಗುರುವಾರ. ರಾತ್ರಿ 12ರಿಂದ ಬೆಳಿಗ್ಗೆ 5:30ರ ತನಕ ನಮಗೂ ಅದಕ್ಕೂ ದಿನವೇ ಬೇರೆ. ಹಗಲು ಹೊತ್ತು ಪರೀಕ್ಷೆ ಮಾಡಿದವರಿಗೆ ಇದು ಎಂದೂ ಸಿಗುವುದಿಲ್ಲ. ನನ್ನ ಜಾಬ್ ಓಡಿದ್ದು ಸರಿಯಾಗಿ ಆ ಐದೂವರೆ ಗಂಟೆಯ ಒಳಗೆ.

ಆ ಮೇಲೆ ನನಗೆ ನನ್ನ ಅಜ್ಜಿಯ ಲೆಕ್ಕ ನೆನಪಾಯಿತು. ಅವರ ಪಂಚಾಂಗದಲ್ಲಿ ವಾರ ಬದಲಾಗುವುದು ರಾತ್ರಿ 12ಕ್ಕಲ್ಲ, ಸೂರ್ಯ ಹುಟ್ಟಿದಾಗ. ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ ಅಂತ ಬಹಳಷ್ಟು ಹಬ್ಬ ಮಾಡುತ್ತೇವೆ. ಬೆಳಗಿನ ಜಾವ 4 ಗಂಟೆಗೆ ಅಜ್ಜಿಯನ್ನು ಕೇಳಿದ್ದರೆ ಅವರೂ ‘ಇನ್ನೂ ಬುಧವಾರವೇ’ ಅನ್ನುತ್ತಿದ್ದರು. ರಾತ್ರಿ ಬಸ್ಸಿನ ಟಿಕೆಟ್ ಮಾಡಿಸುವವರು ನೋಡಿ, 12:15ರ ಬಸ್ಸಿಗೆ ಯಾವ ತಾರೀಖು ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಶನಿವಾರ ರಾತ್ರಿ ಅಂದುಕೊಂಡು ಶನಿವಾರದ ಟಿಕೆಟ್ ಮಾಡಿಸಿ, ನಿಲ್ದಾಣಕ್ಕೆ ಹೋದಾಗ ಆ ಬಸ್ ಹಿಂದಿನ ರಾತ್ರಿಯೇ ಹೋಗಿರುತ್ತದೆ. ದಿನ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಜನ ಒಪ್ಪಿಕೊಂಡು ಮಾಡಿದ್ದಾರೆ. ಆ ಒಪ್ಪಂದವನ್ನು ನಾವು ಡೇಟಾಬೇಸ್‌ಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅದು ತನ್ನ ಗಡಿಯಾರವನ್ನೇ ನಂಬುತ್ತದೆ.

ಹೇಳುವುದು ಹೇಗೆ? ಪೋಸ್ಟ್‌ಗ್ರೆಸ್‌ನಲ್ಲಿ ‘ನೌ’ ಫಂಕ್ಷನ್ ಕರೆದು, ಅದಕ್ಕೆ ‘ಅಟ್ ಟೈಮ್ ಝೋನ್ ಏಷ್ಯಾ/ಕೋಲ್ಕತಾ’ ಅಂತ ಹಚ್ಚಿ, ಆಮೇಲೆ ಡೇಟ್‌ಗೆ ಕಾಸ್ಟ್ ಮಾಡಿ. ಬರೀ ಕರೆಂಟ್_ಡೇಟ್ ಯಾಕೆ ಸಾಲದು ಅಂದರೆ, ಅದು ಸೆಷನ್‌ನ ಟೈಮ್ ಝೋನ್ ನೋಡುತ್ತದೆ. ಕೆಲವು ಡ್ರೈವರ್‌ಗಳು (ಡೇಟಾಬೇಸ್‌ಗೆ ಜೋಡಿಸುವ ಸಾಫ್ಟ್‌ವೇರ್) ನಿಮ್ಮ ಲ್ಯಾಪ್‌ಟಾಪ್‌ನ ಟೈಮ್ ಝೋನನ್ನೇ ಸೆಷನ್‌ಗೆ ಹೊರಿಸುತ್ತವೆ. ಹಾಗಾದಾಗ ನಮ್ಮ ಬೆಳಗಿನ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಕೂತ ನಮ್ಮವರೊಬ್ಬರು ಅದೇ ವ್ಯೂ ತೆರೆದರೆ ಅವರಿಗೆ ನಿನ್ನೆಯ ಪಟ್ಟಿ, ಇಲ್ಲಿಯ ಸಿಸ್ಟರ್‌ಗೆ ಇವತ್ತಿನ ಪಟ್ಟಿ. ಮಗು ಇರುವುದು ಇಲ್ಲಿ, ಲಸಿಕೆ ಹಾಕುವುದು ಇಲ್ಲಿ. ಆದ್ದರಿಂದ ದಿನವೂ ಇಲ್ಲಿಯದೇ ಆಗಬೇಕು, ಯಾರೇ ಎಲ್ಲಿಂದಲೇ ನೋಡಲಿ. ಎಸ್‌ಕ್ಯೂಲೈಟ್‌ನ ‘ಡೇಟ್ ನೌ’ ಯುಟಿಸಿ ಕೊಡುತ್ತದೆ ಅನ್ನುವುದನ್ನೂ ನೆನಪಿಡಿ. ಫೋನಿನಲ್ಲಿರುವ ಆ್ಯಪ್‌ಗಳು ಬೆಳಗಿನ ಜಾವ ತಪ್ಪು ದಿನ ತೋರಿಸುವುದಕ್ಕೆ ಇದೂ ಒಂದು ಕಾರಣ.

ಟೈಮ್ ಝೋನ್‌ಗೆ ಹೆಸರನ್ನೇ ಬರೆಯಿರಿ, ‘+5:30’ ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಹಾಗೆ ಬರೆದರೆ ಅದು ಹಳೆಯ ಪಾಸಿಕ್ಸ್ ಪದ್ಧತಿ ಹಿಡಿಯುತ್ತದೆ. ಆ ಪದ್ಧತಿಯಲ್ಲಿ ಪ್ಲಸ್ ಅಂದರೆ ಗ್ರೀನಿಚ್‌ನ ಪಶ್ಚಿಮಕ್ಕೆ. ನೀವು ಐದೂವರೆ ಗಂಟೆ ಮುಂದೆ ಹೋಗಲು ಹೊರಟರೆ ಅದು ಐದೂವರೆ ಗಂಟೆ ಹಿಂದೆ ಕರೆದುಕೊಂಡು ಹೋಗುತ್ತದೆ. ಒಟ್ಟು 11 ಗಂಟೆಯ ತಪ್ಪು.

ವಾರದ ವಿಷಯ ಬೇಗ ಮುಗಿಸುತ್ತೇನೆ. ‘ಈ ವಾರ’ ಅಂದರೆ ಪೋಸ್ಟ್‌ಗ್ರೆಸ್‌ನ ಡೇಟ್_ಟ್ರಂಕ್ ಸೋಮವಾರದಿಂದ ಎಣಿಸುತ್ತದೆ, ಮೈಎಸ್‌ಕ್ಯೂಎಲ್‌ನ ವೀಕ್ ಫಂಕ್ಷನ್ ಏನೂ ಹೇಳದಿದ್ದರೆ ಭಾನುವಾರದಿಂದ. ನಿಮ್ಮ ಕೆಲಸಕ್ಕೆ ಯಾವುದು ಬೇಕೋ ಅದನ್ನು ಸ್ಪಷ್ಟವಾಗಿ ಬರೆಯಿರಿ.

‘ಈ ವರ್ಷ’ ಅನ್ನುವುದು ಅದಕ್ಕಿಂತ ಜಾಸ್ತಿ ಕಾಡುತ್ತದೆ. ನಮ್ಮ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು. ಬ್ರಿಟಿಷರ ಕಾಲದಲ್ಲಿ, 1867ರಲ್ಲಿ, ಅವರ ದೇಶದ ಲೆಕ್ಕಕ್ಕೆ ಹೊಂದಲಿ ಅಂತ ಮಾಡಿದ್ದು. ಅದಕ್ಕೆ ಮುಂಚೆ ಮೇ 1ರಿಂದ ಇತ್ತು. ಡೇಟಾಬೇಸ್‌ಗೆ ಗೊತ್ತಿರುವುದು ಜನವರಿ 1 ಮಾತ್ರ. ಎಷ್ಟೋ ಕಡೆ ‘ತಿಂಗಳು 4ಕ್ಕಿಂತ ಕಡಿಮೆ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಅಂತ ಉದ್ದುದ್ದ ಕೇಸ್ ಬರೆದಿರುತ್ತಾರೆ. ಒಂದು ಸುಲಭ ದಾರಿ ಇದೆ. ಇವತ್ತಿನಿಂದ 3 ತಿಂಗಳು ಹಿಂದೆ ಹೋಗಿ. ಅಲ್ಲಿಯ ವರ್ಷದ ಮೊದಲ ದಿನ ಹಿಡಿಯಿರಿ. ಮತ್ತೆ 3 ತಿಂಗಳು ಮುಂದೆ ಬನ್ನಿ. 2025ರ ಮಾರ್ಚ್ 31ಕ್ಕೆ ಮಾಡಿ ನೋಡೋಣ. 3 ತಿಂಗಳು ಹಿಂದೆ ಅಂದರೆ 2024ರ ಡಿಸೆಂಬರ್ 31. ಆ ವರ್ಷದ ಮೊದಲ ದಿನ 2024ರ ಜನವರಿ 1. ಮುಂದೆ ಬಂದರೆ 2024ರ ಏಪ್ರಿಲ್ 1. ಮಾರನೇ ದಿನ ಅದೇ ಲೆಕ್ಕ ಹಾಕಿದರೆ 2025ರ ಏಪ್ರಿಲ್ 1. ವ್ಯೂ ತಾನಾಗೇ ಹೊಸ ಖಾತೆಗೆ ಬಂದುಬಿಟ್ಟಿತು.

ಆದರೆ ಇದು ಸರಿಯಿದೆ ಅಂತ ಏಪ್ರಿಲ್ 1ರ ತನಕ ಕಾಯದೆ ಹೇಗೆ ಪರೀಕ್ಷಿಸುತ್ತೀರಿ? ಸರ್ವರ್‌ನ ಗಡಿಯಾರ ತಿರುಗಿಸುವುದು ಬೇಡ, ಬೇರೆ ಎಷ್ಟೋ ಕೆಲಸ ಕೆಡುತ್ತದೆ. ನನ್ನ ಅನುಭವದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಇದು. ‘ಇವತ್ತು’ ಅನ್ನುವ ಹೆಸರಿನದೇ ಒಂದು ಪುಟ್ಟ ವ್ಯೂ ಮಾಡಿ. ಒಂದು ಸಾಲು, ಒಂದು ಕಾಲಂ. ಉಳಿದ ಎಲ್ಲ ವ್ಯೂಗಳೂ ದಿನಾಂಕವನ್ನು ಅದರಿಂದಲೇ ಕೇಳಲಿ, ಬೇರೆಲ್ಲೂ ಕರೆಂಟ್_ಡೇಟ್ ಬರೆಯಬೇಡಿ. ಆ ಪುಟ್ಟ ವ್ಯೂ ಒಳಗೆ ಹೀಗೆ ಬರೆಯಿರಿ: ಸೆಷನ್‌ನಲ್ಲಿ ಯಾರಾದರೂ ಒಂದು ತಾರೀಖು ಕೊಟ್ಟಿದ್ದರೆ ಅದನ್ನು ತೆಗೆದುಕೋ, ಇಲ್ಲದಿದ್ದರೆ ಕೋಲ್ಕತಾ ಟೈಮ್ ಝೋನ್‌ನ ಇವತ್ತನ್ನು ತೆಗೆದುಕೋ. ಪರೀಕ್ಷೆ ಮಾಡುವವರು ಫೆಬ್ರವರಿ 29, ಮಾರ್ಚ್ 31, ಡಿಸೆಂಬರ್ 31 ಒಂದೊಂದಾಗಿ ಕೊಟ್ಟು ನೋಡಬಹುದು. ಟೈಮ್ ಝೋನ್ ತಪ್ಪಿದ್ದರೂ ತಿದ್ದುವುದು ಒಂದೇ ಕಡೆ.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಅವರಿಗೆ ‘ಡೇ ಎಂಡ್’ ಅನ್ನುವುದು ದಿನಾ ಕೇಳುವ ಮಾತು. ಬ್ಯಾಂಕ್ ಸಾಫ್ಟ್‌ವೇರ್‌ನ ದಿನಾಂಕ ಗೋಡೆ ಗಡಿಯಾರದ ಜೊತೆ ಓಡುವುದಿಲ್ಲ. ಆ ದಿನದ ಲೆಕ್ಕ ತಾಳೆಯಾಗಿ ಡೇ ಎಂಡ್ ಆದ ಮೇಲಷ್ಟೇ ಅದು ಮುಂದಿನ ದಿನಕ್ಕೆ ಹೋಗುತ್ತದೆ. ಅವರು ‘ಇವತ್ತು’ ಅನ್ನುವುದನ್ನು ಗಡಿಯಾರಕ್ಕೆ ಬಿಡದೆ ತಾವೇ ಇಟ್ಟುಕೊಂಡಿದ್ದಾರೆ.

ಈ ಪುಟ್ಟ ವ್ಯೂ ಇನ್ನೊಂದು ಕೆಲಸಕ್ಕೂ ಬಂತು. ಒಂದು ದಿನ ಆಸ್ಪತ್ರೆಯ ಡಾಕ್ಟರ್ ಕೇಳಿದರು: ‘ಹೋದ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಪಟ್ಟಿಯಲ್ಲಿ ಎಷ್ಟು ಮಕ್ಕಳಿದ್ದರು? ಅದರಲ್ಲಿ ಎಷ್ಟು ಮಕ್ಕಳು ಬಂದರು?’ ಆ ತಾರೀಖು ಕೊಟ್ಟು ವ್ಯೂ ಓಡಿಸಿದೆ. ಬಹಳ ಕಡಿಮೆ ಹೆಸರು ಬಂತು. ಯಾಕೆ ಅಂತ ನೀವೇ ಒಂದು ನಿಮಿಷ ಯೋಚಿಸಿ. ಷರತ್ತಿನಲ್ಲಿ ‘ಕೊಟ್ಟ_ದಿನ ಖಾಲಿ’ ಅಂತ ಇದೆ. ಅವತ್ತು ಬಂದು ಲಸಿಕೆ ಹಾಕಿಸಿಕೊಂಡವರಿಗೆಲ್ಲ ಈಗ ಕೊಟ್ಟ ದಿನ ತುಂಬಿದೆ. ಆದ್ದರಿಂದ ಅವರೆಲ್ಲ ಬಿಟ್ಟುಹೋದರು, ಬಾರದವರಷ್ಟೇ ಉಳಿದರು. ನಾವು ಗಡುವನ್ನು ಆ ಗುರುವಾರಕ್ಕೆ ಕರೆದುಕೊಂಡು ಹೋದೆವು, ಆದರೆ ಇನ್ನೊಂದು ಷರತ್ತು ಇವತ್ತಿನಲ್ಲೇ ನಿಂತಿತ್ತು. ‘ಕೊಟ್ಟ_ದಿನ ಖಾಲಿ ಇರಬೇಕು, ಅಥವಾ ಆ ದಿನವೋ ಅದರ ನಂತರವೋ ಇರಬೇಕು’ ಅಂತ ತಿದ್ದಿದ ಮೇಲೆ ಅವತ್ತು ಬೆಳಿಗ್ಗೆಯ ಪಟ್ಟಿ ಬಂತು. ಆದರೆ ಹಾಗೆ ತಿದ್ದಿದ್ದನ್ನು ಸಿಸ್ಟರ್ ನೋಡುವ ವ್ಯೂಗೆ ಹಾಕಲಿಲ್ಲ. ಹಾಕಿದ್ದರೆ ಇವತ್ತು ಲಸಿಕೆ ಹಾಕಿಸಿಕೊಂಡ ಮಗುವಿನ ಹೆಸರೂ ಸಂಜೆ ತನಕ ಪಟ್ಟಿಯಲ್ಲೇ ಇರುತ್ತಿತ್ತು. ಎರಡು ಬೇರೆ ಪ್ರಶ್ನೆ, ಎರಡು ಬೇರೆ ವ್ಯೂ.

ಅದೂ ಪೂರ್ತಿ ಸಾಲದು. ನಡುವೆ ಯಾರಾದರೂ ಹುಟ್ಟಿದ ದಿನ ತಿದ್ದಿದ್ದರೆ, ತಡವಾಗಿ ಹೊಸ ಹೆಸರು ಸೇರಿಸಿದ್ದರೆ, ಇವತ್ತು ಬರುವ ಹಳೇ ಪಟ್ಟಿ ಅವತ್ತು ಕಂಡ ಪಟ್ಟಿ ಆಗಿರುವುದಿಲ್ಲ. ಅವತ್ತು ಕಂಡದ್ದೇ ಬೇಕು ಅಂದರೆ ಅವತ್ತೇ ಎತ್ತಿಡಬೇಕು. ಈಗ ನಾವು ಗುರುವಾರ ಬೆಳಿಗ್ಗೆ ಪಟ್ಟಿ ಪ್ರಿಂಟ್ ಆಗುವಾಗ ಅದರ ಸಾಲುಗಳನ್ನು ಬೇರೆ ಟೇಬಲ್‌ಗೆ ತಾರೀಖಿನ ಸಮೇತ ನಕಲು ಮಾಡಿಡುತ್ತೇವೆ.

ಪ್ರಿಂಟ್ ಹಾಳೆಯಲ್ಲೂ ಒಂದು ಬದಲಾವಣೆ ಆಯಿತು. ಅದನ್ನು ಕೇಳಿದ್ದು ಸಿಸ್ಟರ್. ‘ಸಾರ್, ಈ ಪಟ್ಟಿ ಯಾವ ದಿನದ್ದು ಅಂತ ಮೇಲೆ ದೊಡ್ಡದಾಗಿ ಬರೆಸಿ. ವಾರದ ಹೆಸರೂ ಇರಲಿ’ ಅಂದರು. ಆ ಪುಟ್ಟ ‘ಇವತ್ತು’ ವ್ಯೂನಿಂದಲೇ ತಾರೀಖು ತೆಗೆದು ತಲೆಬರಹದಲ್ಲಿ ಹಾಕಿದೆ. ಈಗ ಗುರುವಾರ ಬೆಳಿಗ್ಗೆ ಹಾಳೆ ಪ್ರಿಂಟರ್‌ನಿಂದ ಹೊರಬಂದಾಗ ಅವರು ಮೊದಲು ಹೆಸರು ನೋಡುವುದಿಲ್ಲ. ಮೇಲಿನ ತಾರೀಖು ನೋಡಿ, ಗೋಡೆಯ ಕ್ಯಾಲೆಂಡರ್ ನೋಡಿ, ಎರಡೂ ಹೊಂದಿದ ಮೇಲೆ ಬಾಗಿಲು ತೆಗೆದು ಮೊದಲ ಮಗುವನ್ನು ಕರೆಯುತ್ತಾರೆ.